ಚಾರ್ಟರ್ ಮಿಡಲ್ ಸ್ಕೂಲಿನ ದಾಖಲಾತಿ ಅಂಕಿಗಳನ್ನು ಓದುವ ಬಗೆ: ಕ್ಯಾಲಿಫೋರ್ನಿಯಾದ ಕನ್ನಡ ಪೋಷಕರಿಗೊಂದು ಮಾರ್ಗದರ್ಶಿ

ಮಗು ಐದನೇ ತರಗತಿಗೆ ಕಾಲಿಟ್ಟ ವರ್ಷ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಏಳುತ್ತವೆ. ಹತ್ತಿರದ ಚಾರ್ಟರ್ ಮಿಡಲ್ ಸ್ಕೂಲಿನಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ? ಆರನೇ ತರಗತಿಯಲ್ಲಿ ತುಂಬಿ ತುಳುಕುವ ಶಾಲೆ ಎಂಟನೇ ತರಗತಿಗೆ ಬರುವಷ್ಟರಲ್ಲಿ ಏಕೆ ಬರಿದಾಗಿ ಕಾಣುತ್ತದೆ? ಒಂದು ಸರ್ಕಾರಿ ಜಾಲತಾಣದಲ್ಲಿ ಏಷ್ಯನ್ ಮಕ್ಕಳ ಪಾಲು ಒಂದು ಸಂಖ್ಯೆಯಾಗಿದ್ದರೆ ಇನ್ನೊಂದರಲ್ಲಿ ಬೇರೆಯದೇ ಆಗಿರುವುದೇಕೆ? ಈ ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಎಲ್ಲಕ್ಕೂ ಉತ್ತರವನ್ನು ಒಂದೇ ಕಡೆ, ಹಂತಹಂತವಾಗಿ ಬರೆದಿಡುತ್ತಿದ್ದೇನೆ. ನಾನು ಎಲ್ಲ ಹಂತಗಳಲ್ಲೂ ಒತ್ತಿ ಹೇಳುವುದು ಒಂದೇ ಮಾತು: ಯಾವ ಸಂಖ್ಯೆಯನ್ನಾದರೂ ಒಪ್ಪಿಕೊಳ್ಳುವ ಮೊದಲು ಅದನ್ನು ಯಾವ ದಿನ ಎಣಿಸಿದರು, ಆ ಹೆಸರಿನಡಿ ಯಾರನ್ನು ಸೇರಿಸಿದರು, ಶೇಕಡಾವಾರನ್ನು ಯಾವ ಮೊತ್ತದ ಮೇಲೆ ಕಟ್ಟಿದರು ಎಂಬುದನ್ನು ಕೇಳಿಕೊಳ್ಳಿ.

ಮೊದಲು ಚಾರ್ಟರ್ ಶಾಲೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಇದನ್ನು ಖಾಸಗಿ ಶಾಲೆ ಎಂದು ತಿಳಿದಿರುವವರು ಇನ್ನೂ ಅನೇಕರಿದ್ದಾರೆ. ಚಾರ್ಟರ್ ಶಾಲೆಯು ಸಾರ್ವಜನಿಕ ಹಣದಿಂದ ನಡೆಯುವ, ಶುಲ್ಕವಿಲ್ಲದ ಶಾಲೆ. ಶಾಲಾ ಜಿಲ್ಲೆ, ಅಂದರೆ ಒಂದು ಊರಿನ ಅಥವಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ಇದನ್ನು ಸಾಮಾನ್ಯವಾಗಿ ನೇರವಾಗಿ ನಡೆಸುವುದಿಲ್ಲ. ಪ್ರತ್ಯೇಕ ಆಡಳಿತ ಮಂಡಳಿಯೊಂದು ‘ಚಾರ್ಟರ್’ ಎಂಬ ಕಾಲಮಿತಿಯ ಒಪ್ಪಂದಪತ್ರದ ಮೇಲೆ ನಡೆಸುತ್ತದೆ. ಇಂಥ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು 1991ರಲ್ಲಿ ಮಿನ್ನೆಸೋಟ; ಮರುವರ್ಷವೇ ಕ್ಯಾಲಿಫೋರ್ನಿಯಾ ಅದನ್ನು ಹಿಂಬಾಲಿಸಿತು. 2021ರ ಹೊತ್ತಿಗೆ ದೇಶದಾದ್ಯಂತ ಸುಮಾರು 7,800 ಚಾರ್ಟರ್ ಶಾಲೆಗಳಲ್ಲಿ 37 ಲಕ್ಷದಷ್ಟು ಮಕ್ಕಳು ಓದುತ್ತಿದ್ದರು, ಅಂದರೆ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಶೇ. 7ರಷ್ಟು. ಮಾಮೂಲಿ ಸರ್ಕಾರಿ ಶಾಲೆಗೆ ಇರುವಂತೆ ಬಹುತೇಕ ಚಾರ್ಟರ್ ಶಾಲೆಗಳಿಗೆ ಮನೆಯ ವಿಳಾಸಕ್ಕೆ ಕಟ್ಟಿಹಾಕಿದ ಎಲ್ಲೆ ಇರುವುದಿಲ್ಲ. ಪೋಷಕರು ಅರ್ಜಿ ಹಾಕಬೇಕು, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಹಾಗಾಗಿ ಅಲ್ಲಿರುವ ಮಕ್ಕಳ ಸಮೂಹ ರೂಪುಗೊಳ್ಳುವುದು ಸುತ್ತಲ ಬೀದಿಗಳಿಂದಷ್ಟೇ ಅಲ್ಲ, ಅರ್ಜಿ ಹಾಕಲು ಯಾರಿಗೆ ತಿಳಿದಿತ್ತು ಮತ್ತು ದಿನವೂ ಮಗುವನ್ನು ಕರೆದೊಯ್ಯಲು ಯಾರಿಗೆ ಸಾಧ್ಯವಿತ್ತು ಎಂಬುದರಿಂದಲೂ.

ಕೆಲಸ ಆರಂಭಿಸಲು ಹೆಚ್ಚೇನೂ ಬೇಕಿಲ್ಲ. ಒಂದು ಸ್ಪ್ರೆಡ್‌ಶೀಟ್ ಅಥವಾ ದೊಡ್ಡ ಹಾಳೆ, ಎರಡು ಗಂಟೆ ಬಿಡುವು, ಮತ್ತು ಮೂರು ಕಡೆಯ ಮಾಹಿತಿ: ರಾಜ್ಯ ಶಿಕ್ಷಣ ಇಲಾಖೆಯ ‘ಡೇಟಾಕ್ವೆಸ್ಟ್’ ಎಂಬ ಅಂಕಿಅಂಶ ತಾಣ, ಅದೇ ಇಲಾಖೆಯ ‘ಕ್ಯಾಲಿಫೋರ್ನಿಯಾ ಸ್ಕೂಲ್ ಡ್ಯಾಶ್‌ಬೋರ್ಡ್’, ಮತ್ತು ಶಾಲೆಯ ಚಾರ್ಟರ್ ಒಪ್ಪಂದಪತ್ರ. ಬೇರೆ ರಾಜ್ಯಗಳಲ್ಲಿರುವವರು ಮತ್ತು ರಾಜ್ಯ ರಾಜ್ಯಗಳ ನಡುವೆ ಹೋಲಿಸಬೇಕಾದವರು ಎನ್‌ಸಿಇಎಸ್, ಅಂದರೆ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ತಾಣವನ್ನು ಬಳಸಬಹುದು. ಆದರೆ ಅಲ್ಲಿನ ಅಂಕಿಗಳು ಸಾಮಾನ್ಯವಾಗಿ ಒಂದೆರಡು ವರ್ಷ ಹಳೆಯವು.

ಹಂತ 1: ಶಾಲೆಯನ್ನು ಹೆಸರಿನಿಂದಲ್ಲ, ಸಂಕೇತಸಂಖ್ಯೆಯಿಂದ ಗುರುತಿಸಿ

ಒಂದೇ ಸಂಸ್ಥೆ ನಾಲ್ಕಾರು ಶಾಲೆಗಳನ್ನು ನಡೆಸುವುದು ಚಾರ್ಟರ್ ಲೋಕದಲ್ಲಿ ಸಾಮಾನ್ಯ, ಅವುಗಳ ಹೆಸರುಗಳೂ ಒಂದನ್ನೊಂದು ಹೋಲುತ್ತವೆ. ಆದ್ದರಿಂದ ಹೆಸರು ನೋಡಿ ಅಂಕಿ ಬರೆದುಕೊಂಡರೆ ಪಕ್ಕದ ಶಾಲೆಯ ಅಂಕಿ ನಿಮ್ಮ ಹಾಳೆಗೆ ಬಂದು ಕೂರುವ ಸಂಭವ ಬಹಳ. ಕ್ಯಾಲಿಫೋರ್ನಿಯಾದ ಪ್ರತಿಯೊಂದು ಸಾರ್ವಜನಿಕ ಶಾಲೆಗೂ 14 ಅಂಕಿಗಳ ಸಿಡಿಎಸ್ ಸಂಖ್ಯೆ ಇದೆ. ಅದರಲ್ಲಿ ಮೊದಲ 2 ಅಂಕಿ ಕೌಂಟಿಯನ್ನು, ನಂತರದ 5 ಶಾಲಾ ಜಿಲ್ಲೆಯನ್ನು, ಕೊನೆಯ 7 ಶಾಲೆಯನ್ನು ಸೂಚಿಸುತ್ತವೆ. ಎನ್‌ಸಿಇಎಸ್ ಕೊಡುವ ಸಂಖ್ಯೆ ಬೇರೆ, ಅದು 12 ಅಂಕಿಗಳದ್ದು. ಎರಡನ್ನೂ ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ.

ಇದೇ ಹಂತದಲ್ಲಿ ಶಾಲೆಯಲ್ಲಿ ಯಾವ ಯಾವ ತರಗತಿಗಳಿವೆ ಎಂಬುದನ್ನೂ ಗುರುತು ಮಾಡಿ. ಮಿಡಲ್ ಸ್ಕೂಲ್ ಎಂದರೆ ಸಾಮಾನ್ಯವಾಗಿ 6ರಿಂದ 8ನೇ ತರಗತಿ, ಆದರೆ ಕೆಲವು ಚಾರ್ಟರ್‌ಗಳು 5ರಿಂದಲೇ ಆರಂಭಿಸುತ್ತವೆ. ಹಾಗೆ ಆರಂಭಿಸುವ ಶಾಲೆಗೆ ಆರನೇ ತರಗತಿಯಲ್ಲಿ ಸೇರಲು ಹೊರಟರೆ ಉಳಿದಿರುವ ಸೀಟುಗಳು ಬೆರಳೆಣಿಕೆಯಷ್ಟೇ ಇರಬಹುದು.

ಹಂತ 2: ‘ಒಟ್ಟು ದಾಖಲಾತಿ’ ಯಾವ ದಿನದ್ದು ಎಂದು ನೋಡಿ

ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ತಿಂಗಳ ಮೊದಲ ಬುಧವಾರ ಶಾಲಾ ಗಣತಿಯ ದಿನ. ಆ ದಿನ ದಾಖಲೆಯಲ್ಲಿದ್ದ ಮಕ್ಕಳ ವಿವರವನ್ನು ಶಾಲೆಗಳು ‘ಕಾಲ್‌ಪ್ಯಾಡ್ಸ್’ ಎಂಬ ರಾಜ್ಯದ ದತ್ತಾಂಶ ವ್ಯವಸ್ಥೆಗೆ ಒಪ್ಪಿಸುತ್ತವೆ. ಟೆಕ್ಸಸ್‌ನಲ್ಲಿ ಇದೇ ಎಣಿಕೆ ಅಕ್ಟೋಬರ್‌ನ ಕೊನೆಯ ಶುಕ್ರವಾರ ನಡೆಯುತ್ತದೆ. ನೀವು ನೋಡುವ ‘ಒಟ್ಟು ದಾಖಲಾತಿ’ ಬಹುಮಟ್ಟಿಗೆ ಆ ಒಂದು ದಿನದ ಲೆಕ್ಕ; ನವೆಂಬರ್‌ನಲ್ಲಿ ಬಿಟ್ಟುಹೋದ ಮಗು ಅದರಲ್ಲಿ ಇದೆ, ಜನವರಿಯಲ್ಲಿ ಸೇರಿದ ಮಗು ಇಲ್ಲ.

ಡೇಟಾಕ್ವೆಸ್ಟ್‌ನಲ್ಲಿ ಇದರ ಜೊತೆಗೆ ‘ಸಂಚಿತ ದಾಖಲಾತಿ’ ಎಂಬ ಇನ್ನೊಂದು ಲೆಕ್ಕವಿದೆ. ಜುಲೈ 1ರಿಂದ ಜೂನ್ 30ರವರೆಗೆ ಆ ಶಾಲೆಗೆ ಯಾವಾಗಲಾದರೂ ದಾಖಲಾಗಿದ್ದ ಎಲ್ಲ ಮಕ್ಕಳನ್ನು ಅದು ಸೇರಿಸಿಕೊಳ್ಳುವುದರಿಂದ ಗಣತಿ ದಿನದ ಸಂಖ್ಯೆಗಿಂತ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಇವೆರಡರ ಅಂತರ ದೊಡ್ಡದಿದ್ದರೆ ವರ್ಷದ ಮಧ್ಯೆ ಮಕ್ಕಳ ಬಂದು ಹೋಗುವಿಕೆ ಹೆಚ್ಚು ಎಂದರ್ಥ. ಅದನ್ನು ಇನ್ನಷ್ಟು ನೇರವಾಗಿ ತೋರಿಸುವುದು ‘ಸ್ಥಿರತೆಯ ದರ’, ಅಂದರೆ ಇಡೀ ವರ್ಷ ಅದೇ ಶಾಲೆಯಲ್ಲಿ ಉಳಿದು ಕಲಿತ ಮಕ್ಕಳ ಶೇಕಡಾವಾರು. ನನ್ನ ಅಭಿಪ್ರಾಯದಲ್ಲಿ ಒಂದು ಚಾರ್ಟರ್ ಶಾಲೆಯ ಬಗ್ಗೆ ಪೋಷಕರು ನೋಡಬೇಕಾದ ಮೊದಲ ಸಂಖ್ಯೆ ಇದು, ಆದರೆ ಖಾಸಗಿ ರೇಟಿಂಗ್ ತಾಣಗಳನ್ನಷ್ಟೇ ನೋಡುವವರ ಕಣ್ಣಿಗೆ ಇದು ಬೀಳುವುದು ಅಪರೂಪ.

ಮೂರನೆಯದು ‘ಸರಾಸರಿ ದೈನಂದಿನ ಹಾಜರಿ’. ಇದು ದಾಖಲಾದವರ ಸಂಖ್ಯೆಯಲ್ಲ, ದಿನವೂ ಬಂದು ಕೂತವರ ಸರಾಸರಿ, ಮತ್ತು ಈ ರಾಜ್ಯದಲ್ಲಿ ಶಾಲೆಗೆ ಹಣ ಬರುವುದು ಇದರ ಮೇಲೆ. ಶಾಲೆಯ ಬಜೆಟ್ ದಾಖಲೆಯಲ್ಲಿ ಕಾಣುವ ಸಂಖ್ಯೆ ದಾಖಲಾತಿಗಿಂತ ಕಡಿಮೆ ಇದ್ದರೆ ಗಾಬರಿಯಾಗಬೇಡಿ, ಅದು ಬಹುಶಃ ಇದೇ ಆಗಿರುತ್ತದೆ. ಹಾಜರಿಯ ಮಾತು ಬಂದದ್ದರಿಂದ ನಮ್ಮವರಿಗೆ ಮುಖ್ಯವಾದ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಾಲಾ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಗು, ಕಾರಣ ಏನೇ ಇರಲಿ, ‘ದೀರ್ಘಕಾಲಿಕ ಗೈರುಹಾಜರಿ’ಯ ಲೆಕ್ಕಕ್ಕೆ ಸೇರುತ್ತದೆ. 180 ದಿನಗಳ ಶಾಲಾ ವರ್ಷದಲ್ಲಿ ಅದು 18 ದಿನ. ಅಜ್ಜಿಮನೆಗೆಂದು ಜನವರಿಯಲ್ಲಿ ನಾಲ್ಕು ವಾರ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಿಬಂದ ಮಗು, ಶಾಲೆ ಬೇರೆ ಏರ್ಪಾಡು ಮಾಡಿಕೊಡದಿದ್ದರೆ, ಆ ಪಟ್ಟಿಗೆ ಬಂದುಬಿಡುತ್ತದೆ.

ಹಂತ 3: ತರಗತಿವಾರು ಸಂಖ್ಯೆಯನ್ನು ಓರೆಯಾಗಿ ಓದಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಮೂರ್ನಾಲ್ಕು ವರ್ಷಗಳ ತರಗತಿವಾರು ದಾಖಲಾತಿಯನ್ನು ಸಾಲುಸಾಲಾಗಿ, ಒಂದು ವರ್ಷಕ್ಕೊಂದು ಸಾಲಿನಂತೆ ಬರೆದುಕೊಳ್ಳಿ. ಆನಂತರ ಅಡ್ಡಡ್ಡಲಾಗಿ ಓದದೆ ಓರೆಯಾಗಿ ಓದಿ: ಕಳೆದ ವರ್ಷದ ಆರನೇ ತರಗತಿಯಿಂದ ಈ ವರ್ಷದ ಏಳನೇ ತರಗತಿಗೆ, ಅಲ್ಲಿಂದ ಮುಂದಿನ ವರ್ಷದ ಎಂಟಕ್ಕೆ. ಒಟ್ಟಿಗೆ ಸೇರಿದ ಮಕ್ಕಳ ಗುಂಪು ಮೇಲೇರುತ್ತ ಹೇಗೆ ಬದಲಾಯಿತು ಎಂಬುದು ಆಗ ಕಾಣುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ವರ್ಷ ಶಾಲೆಯಲ್ಲಿ 6ನೇ ತರಗತಿಗೆ 120, 7ಕ್ಕೆ 110, 8ಕ್ಕೆ 90, ಒಟ್ಟು 320 ಮಕ್ಕಳು. ಎರಡನೇ ವರ್ಷ ಕ್ರಮವಾಗಿ 120, 104, 83, ಒಟ್ಟು 307. ಮೊತ್ತವನ್ನಷ್ಟೇ ನೋಡಿದವರು 13 ಮಕ್ಕಳು ಕಡಿಮೆಯಾದರು, ಶೇ. 4ರಷ್ಟು ಇಳಿಕೆ, ದೊಡ್ಡ ವಿಷಯವಲ್ಲ ಎನ್ನುತ್ತಾರೆ. ಓರೆಯಾಗಿ ಓದಿದವರಿಗೆ ಆರನೇ ತರಗತಿಯ 120 ಮಕ್ಕಳ ಜಾಗದಲ್ಲಿ ಏಳರಲ್ಲಿ 104 ಮಂದಿ, ಏಳನೇ ತರಗತಿಯ 110ರ ಜಾಗದಲ್ಲಿ ಎಂಟರಲ್ಲಿ 83 ಮಂದಿ ಕಾಣುತ್ತಾರೆ. ಎರಡನೆಯದು ಸುಮಾರು ಕಾಲು ಭಾಗದ ಇಳಿಕೆ.

ಇಲ್ಲಿ ಎರಡು ತಪ್ಪುಗಳಿಂದ ದೂರವಿರಿ. ಮೊದಲನೆಯದು, 120ರಿಂದ 104 ಆದುದನ್ನು ‘16 ಮಕ್ಕಳು ಬಿಟ್ಟುಹೋದರು’ ಎಂದು ಓದುವುದು. 16 ಎಂಬುದು ಬಿಟ್ಟವರನ್ನೂ ಹೊಸದಾಗಿ ಸೇರಿದವರನ್ನೂ ಕಳೆದು ಕೂಡಿ ಉಳಿದ ಸಂಖ್ಯೆ. ನಿಜವಾಗಿ 30 ಮಂದಿ ಬಿಟ್ಟು 14 ಮಂದಿ ಸೇರಿರಬಹುದು. ಖಾಲಿಯಾದ ಸೀಟನ್ನು ಮೇಲಿನ ತರಗತಿಗಳಲ್ಲೂ ತುಂಬುವ ಪದ್ಧತಿಗೆ ‘ಬ್ಯಾಕ್‌ಫಿಲ್’ ಎನ್ನುತ್ತಾರೆ. ಕೆಲವು ಶಾಲೆಗಳು ತುಂಬುತ್ತವೆ, ಕೆಲವು ಪ್ರವೇಶದ ತರಗತಿಯನ್ನು ಬಿಟ್ಟರೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ತುಂಬದ ಶಾಲೆಯಲ್ಲಿ ಎಂಟನೇ ತರಗತಿಗೆ ಉಳಿಯುವವರು ಶಾಲೆಯ ಕ್ರಮಕ್ಕೆ ಹೊಂದಿಕೊಂಡವರೇ ಆಗಿರುವುದರಿಂದ ಅವರ ಪರೀಕ್ಷಾ ಫಲಿತಾಂಶವನ್ನು ಆರನೇ ತರಗತಿಯ ಫಲಿತಾಂಶದ ಪಕ್ಕ ಇಟ್ಟು ‘ಇಷ್ಟು ಪ್ರಗತಿ’ ಎನ್ನುವುದು ಸರಿಯಲ್ಲ. ಎರಡನೆಯ ತಪ್ಪು, ಹೊಸ ಶಾಲೆಯನ್ನು ಕುಸಿಯುತ್ತಿರುವ ಶಾಲೆಯೆಂದು ಓದುವುದು. ಚಾರ್ಟರ್ ಶಾಲೆಗಳು ಹಲವು ಸಲ ಮೊದಲ ವರ್ಷ ಒಂದೇ ತರಗತಿಯಿಂದ ಆರಂಭವಾಗಿ ವರ್ಷಕ್ಕೊಂದು ತರಗತಿಯಂತೆ ಬೆಳೆಯುತ್ತವೆ. ಅಂಥಲ್ಲಿ ಎಂಟನೇ ತರಗತಿ ಚಿಕ್ಕದಾಗಿರಲು ಅದು ಶಾಲೆಯ ಮೊದಲ ತಂಡವಾಗಿರುವುದೇ ಕಾರಣ ಇರಬಹುದು. ಶಾಲೆ ತೆರೆದ ವರ್ಷವನ್ನು ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ.

ಹಂತ 4: ಜನಾಂಗದ ಕಾಲಂನಲ್ಲಿ ಯಾರಿದ್ದಾರೆ ಎಂದು ಕೇಳಿ

ಅಮೆರಿಕದ ಶಾಲೆಗಳು ಜನಾಂಗದ ವಿವರವನ್ನು ಕೇಳುವುದು ಎರಡು ಪ್ರಶ್ನೆಗಳಲ್ಲಿ. ಮೊದಲು ‘ಮಗು ಹಿಸ್ಪಾನಿಕ್ ಅಥವಾ ಲಾಟಿನೋ ಮೂಲದ್ದೇ?’ ಎಂದು, ಅನಂತರ ಜನಾಂಗ ಯಾವುದು ಎಂದು. ಎರಡನೆಯದಕ್ಕೆ ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು. ಮೊದಲ ಪ್ರಶ್ನೆಗೆ ಹೌದು ಎಂದರೆ ಎರಡನೆಯದಕ್ಕೆ ಏನೇ ಗುರುತು ಹಾಕಿದ್ದರೂ ವರದಿಯಲ್ಲಿ ಆ ಮಗು ಹಿಸ್ಪಾನಿಕ್ ಕಾಲಂಗೆ ಹೋಗುತ್ತದೆ. ತಂದೆ ಮಂಡ್ಯದವರು, ತಾಯಿ ಮೆಕ್ಸಿಕೋ ಮೂಲದವರು ಎಂದಿಟ್ಟುಕೊಳ್ಳಿ; ಅವರ ಮಗು ಏಷ್ಯನ್ ಕಾಲಂನಲ್ಲೂ ಇರುವುದಿಲ್ಲ, ‘ಎರಡು ಅಥವಾ ಹೆಚ್ಚು ಜನಾಂಗ’ ಎಂಬ ಕಾಲಂನಲ್ಲೂ ಇರುವುದಿಲ್ಲ. ತಾಯಿ ಕನ್ನಡಿಗರು, ತಂದೆ ಬಿಳಿಯರಾಗಿದ್ದು ಎರಡಕ್ಕೂ ಗುರುತು ಹಾಕಿದ್ದರೆ ಆ ಮಗು ‘ಎರಡು ಅಥವಾ ಹೆಚ್ಚು’ ಎಂಬಲ್ಲಿ ಕಾಣುತ್ತದೆ.

ಒಂದು ತಾಣದಿಂದ ಇನ್ನೊಂದಕ್ಕೆ ಏಷ್ಯನ್ನರ ಸಂಖ್ಯೆ ಬದಲಾಗುವುದಕ್ಕೆ ಮುಖ್ಯ ಕಾರಣವೂ ಇಂಥದ್ದೇ ಒಂದು ವರ್ಗೀಕರಣ. ಕ್ಯಾಲಿಫೋರ್ನಿಯಾ ತನ್ನ ವರದಿಗಳಲ್ಲಿ ಫಿಲಿಪಿನೋ ಮಕ್ಕಳನ್ನು ಪ್ರತ್ಯೇಕವಾಗಿ ತೋರಿಸುತ್ತದೆ, ಒಕ್ಕೂಟ ಸರ್ಕಾರದ ಏಳು ವರ್ಗಗಳಲ್ಲಿ ಅವರು ಏಷ್ಯನ್ನರೊಳಗೇ ಸೇರುತ್ತಾರೆ. ಹೀಗಾಗಿ ಫಿಲಿಪಿನೋ ಕುಟುಂಬಗಳು ಹೆಚ್ಚಿರುವ ಊರುಗಳಲ್ಲಿ ಡೇಟಾಕ್ವೆಸ್ಟ್‌ಗಿಂತ ಎನ್‌ಸಿಇಎಸ್‌ನಲ್ಲಿ ಏಷ್ಯನ್ನರ ಪಾಲು ಎದ್ದು ಕಾಣುವಷ್ಟು ಹೆಚ್ಚಿರುತ್ತದೆ. ಎರಡೂ ಸರಿ, ಪ್ರಶ್ನೆ ಬೇರೆ ಬೇರೆ. ಒಕ್ಕೂಟ ಸರ್ಕಾರ 2024ರ ಮಾರ್ಚ್‌ನಲ್ಲಿ ಈ ಮಾನದಂಡವನ್ನೇ ಪರಿಷ್ಕರಿಸಿ ಎರಡು ಪ್ರಶ್ನೆಗಳನ್ನು ಒಂದಾಗಿಸಿತು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೆ ಹೊಸ ವರ್ಗ ಸೇರಿಸಿತು. ಆದ್ದರಿಂದ ಮುಂದಿನ ವರ್ಷಗಳ ಅಂಕಿಗಳನ್ನು ಹಳೆಯವುಗಳೊಡನೆ ಹೋಲಿಸುವಾಗ ವರ್ಗಗಳು ಅವೇ ಇವೆಯೇ ಎಂಬುದನ್ನು ನೋಡಿಕೊಳ್ಳಿ.

‘ಏಷ್ಯನ್’ ಎಂಬ ಒಂದು ಪದದಡಿ ಚೀನೀ, ವಿಯೆಟ್ನಾಮೀ, ಕೊರಿಯನ್, ಮೋಂಗ್, ಭಾರತೀಯ ಮಕ್ಕಳೆಲ್ಲ ಇದ್ದಾರೆ. ಭಾರತೀಯರು ಎಷ್ಟು ಎಂಬುದನ್ನೇ ಆ ಕಾಲಂ ಹೇಳುವುದಿಲ್ಲ, ಕನ್ನಡಿಗರ ಮಾತಂತೂ ದೂರ. ವೀಸಾ ಅಥವಾ ಪೌರತ್ವದ ಎಣಿಕೆಯೂ ಅಲ್ಲಿಲ್ಲ. ವಲಸೆಯ ಸ್ಥಿತಿಯ ಕಾರಣಕ್ಕೆ ಯಾವ ಮಗುವಿಗೂ ಸಾರ್ವಜನಿಕ ಶಾಲೆಯನ್ನು ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಎಚ್-4 ವೀಸಾದ ಮಗುವಿಗೆ ಚಾರ್ಟರ್ ಲಾಟರಿಯಲ್ಲಿ ಅವಕಾಶ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಿಕ್ಕ ಶಾಲೆಗಳಲ್ಲಿ ಶೇಕಡಾವಾರಿನ ಏರಿಳಿತವನ್ನೂ ಅತಿಯಾಗಿ ಓದಬೇಡಿ. ಮೇಲಿನ ಉದಾಹರಣೆಯ 307 ಮಕ್ಕಳ ಶಾಲೆಯಲ್ಲಿ 5 ಮಕ್ಕಳೆಂದರೆ ಶೇ. 1.6. ಎರಡು ಮೂರು ಕುಟುಂಬಗಳು ಊರು ಬದಲಿಸಿದರೂ ಅಷ್ಟಾಗುತ್ತದೆ. ಶೇಕಡಾವಾರಿನ ಪಕ್ಕದಲ್ಲೇ ಮಕ್ಕಳ ಸಂಖ್ಯೆಯನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ.

ಹಂತ 5: ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಅಂಕಿ

ಇದು ನಮ್ಮ ಮನೆಗೆ ನೇರವಾಗಿ ತಟ್ಟುವ ಅಂಕಿ. ಮಗು ಮೊದಲ ಬಾರಿಗೆ ಈ ರಾಜ್ಯದ ಶಾಲೆಗೆ ಸೇರುವಾಗ ‘ಮನೆಭಾಷೆಯ ಸಮೀಕ್ಷೆ’ ಎಂಬ ನಮೂನೆ ತುಂಬಿಸಿಕೊಳ್ಳುತ್ತಾರೆ. ಮಗು ಮೊದಲು ಆಡಿದ ಭಾಷೆ ಯಾವುದು, ಮನೆಯಲ್ಲಿ ಹೆಚ್ಚಾಗಿ ಆಡುವುದು ಯಾವುದು, ಪೋಷಕರು ಮಗುವಿನೊಡನೆ ಆಡುವುದು ಯಾವುದು ಎಂಬ ಪ್ರಶ್ನೆಗಳಿಗೆ ಕನ್ನಡ ಎಂದು ಬರೆದರೆ ಮಗುವಿಗೆ ‘ಎಲ್ಪ್ಯಾಕ್’ ಎಂಬ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಸಮರ್ಥವೆಂದು ಕಂಡ ಮಗು ‘ಆರಂಭದಲ್ಲೇ ನಿರರ್ಗಳ’ ಎಂಬ ಗುಂಪಿಗೆ, ಉಳಿದವರು ‘ಇಂಗ್ಲಿಷ್ ಕಲಿಕಾರ್ಥಿ’ಗಳ ಗುಂಪಿಗೆ ಸೇರುತ್ತಾರೆ. ಕಲಿಕಾರ್ಥಿಗಳು ಮುಂದೆ ಮಾನದಂಡಗಳನ್ನು ದಾಟಿದಾಗ ‘ಮರುವರ್ಗೀಕೃತ’ರಾಗುತ್ತಾರೆ.

ಆರನೇ ತರಗತಿಯ ಹೊತ್ತಿಗೆ ಬಹಳಷ್ಟು ಮಕ್ಕಳು ಮರುವರ್ಗೀಕೃತರಾಗಿರುವುದರಿಂದ ಮಿಡಲ್ ಸ್ಕೂಲಿನಲ್ಲಿ ಕಲಿಕಾರ್ಥಿಗಳ ಶೇಕಡಾವಾರು ಕಡಿಮೆ ಇರುವುದು ಸಹಜ. ಅಲ್ಲಿನ ಮಕ್ಕಳ ಮನೆಗಳಲ್ಲಿ ಬೇರೆ ಭಾಷೆಗಳಿಲ್ಲ ಎಂದು ಅದರಿಂದ ತೀರ್ಮಾನಿಸಬಾರದು. ಕಲಿಕಾರ್ಥಿ, ಮರುವರ್ಗೀಕೃತ, ಆರಂಭದಲ್ಲೇ ನಿರರ್ಗಳ ಈ ಮೂರನ್ನೂ ಕೂಡಿಸಿದಾಗ ಮಾತ್ರ ಬಹುಭಾಷಿಕ ಮನೆಗಳ ಅಂದಾಜು ಸಿಗುತ್ತದೆ. ಮಗುವಿಗೆ ಪರೀಕ್ಷೆಯ ತೊಂದರೆ ತಪ್ಪಲಿ ಎಂದು ಮನೆಭಾಷೆಯ ಜಾಗದಲ್ಲಿ ಇಂಗ್ಲಿಷ್ ಎಂದು ಬರೆಯುವ ಸಲಹೆ ನಮ್ಮ ನಡುವೆ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಪರೀಕ್ಷೆಯಿಂದ ಮಗುವಿಗೆ ನಷ್ಟವಿಲ್ಲ, ನೆರವು ಬೇಕಿದ್ದ ಮಗುವಿಗೆ ಅದು ತಪ್ಪಿಹೋಗಬಾರದು, ಮತ್ತು ಬರೆಯದ ಕನ್ನಡವನ್ನು ಯಾರೂ ಎಣಿಸಲಾರರು.

ಹಂತ 6: ಆದಾಯದ ಅಂಕಿಯನ್ನು ಅನುಮಾನದಿಂದಲೇ ನೋಡಿ

ಹಿಂದೆ ಬಡತನದ ಸೂಚಕವೆಂದು ಬಳಸುತ್ತಿದ್ದುದು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆಯನ್ನು. ಒಕ್ಕೂಟ ಸರ್ಕಾರದ ಬಡತನ ರೇಖೆಯ ಶೇ. 130ರವರೆಗೆ ಆದಾಯವಿದ್ದರೆ ಉಚಿತ, ಶೇ. 185ರವರೆಗೆ ರಿಯಾಯಿತಿ. 2022–23ರಿಂದ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಶಾಲೆಗಳಲ್ಲಿ ಕೇಳಿದ ಎಲ್ಲ ಮಕ್ಕಳಿಗೂ ಊಟ ಉಚಿತವಾದ ಮೇಲೆ ಆದಾಯದ ನಮೂನೆ ತುಂಬಿಕೊಡುವ ಒತ್ತಡ ಪೋಷಕರ ಮೇಲೆ ಉಳಿದಿಲ್ಲ. ನಮೂನೆ ಸಂಗ್ರಹಿಸುವಲ್ಲಿ ಚುರುಕಾಗಿರುವ ಶಾಲೆಯ ಅಂಕಿ ನಿಜಕ್ಕೆ ಹತ್ತಿರ, ಸಡಿಲವಾಗಿರುವಲ್ಲಿ ಕಡಿಮೆ.

ಡ್ಯಾಶ್‌ಬೋರ್ಡ್ ಬಳಸುವ ‘ಸಾಮಾಜಿಕ-ಆರ್ಥಿಕವಾಗಿ ಹಿಂದುಳಿದ’ ಎಂಬ ಗುಂಪು ಇದಕ್ಕಿಂತ ವಿಶಾಲವಾದದ್ದು. ಹೆತ್ತವರು ಹೈಸ್ಕೂಲ್ ಮುಗಿಸಿರದ ಮಕ್ಕಳು, ಮನೆಯಿಲ್ಲದ ಮಕ್ಕಳು, ಪೋಷಣಾ (ಫಾಸ್ಟರ್) ಕುಟುಂಬಗಳಲ್ಲಿರುವ ಮಕ್ಕಳು ಕೂಡ ಅದರಲ್ಲಿದ್ದಾರೆ. ಇನ್ನೊಂದು ಪದ ‘ಪುನರಾವರ್ತನೆಯಿಲ್ಲದ ಎಣಿಕೆ’; 2013ರ ಅನುದಾನ ಸುಧಾರಣೆಯ ಪ್ರಕಾರ ಬಡ ಮಕ್ಕಳು, ಇಂಗ್ಲಿಷ್ ಕಲಿಕಾರ್ಥಿಗಳು, ಪೋಷಣಾ ಕುಟುಂಬದ ಮಕ್ಕಳು ಈ ಮೂರರಲ್ಲಿ ಎಷ್ಟಕ್ಕೆ ಸೇರಿದರೂ ಒಂದು ಮಗುವನ್ನು ಒಮ್ಮೆಯಷ್ಟೇ ಲೆಕ್ಕ ಹಾಕುತ್ತಾರೆ. ಹೆಚ್ಚುವರಿ ಅನುದಾನ ಈ ಎಣಿಕೆಯನ್ನು ಅವಲಂಬಿಸಿದೆ. ಹಾಗಾಗಿ ಶಾಲೆ ಕಳಿಸುವ ಆದಾಯದ ನಮೂನೆಯನ್ನು, ನಿಮಗೆ ಊಟದ ನೆರವು ಬೇಕಿಲ್ಲದಿದ್ದರೂ, ತುಂಬಿ ಹಿಂದಿರುಗಿಸಿ.

ಹಂತ 7: ವಿಶೇಷ ಶಿಕ್ಷಣ ಮತ್ತು ಮರೆಮಾಡಿದ ಅಂಕಿಗಳು

ಅಂಗವೈಕಲ್ಯವಿರುವ ಮಕ್ಕಳ ಕಾಲಂನಲ್ಲಿ ‘ಐಇಪಿ’, ಅಂದರೆ ಕಾನೂನುಬದ್ಧ ವೈಯಕ್ತಿಕ ಶಿಕ್ಷಣ ಯೋಜನೆ, ಇರುವವರಷ್ಟೇ ಸೇರುತ್ತಾರೆ. ‘504 ಯೋಜನೆ’ಯಡಿ ಪರೀಕ್ಷೆಗೆ ಹೆಚ್ಚು ಸಮಯದಂಥ ಸೌಲಭ್ಯ ಪಡೆಯುವವರು ಅದರಲ್ಲಿ ಇಲ್ಲ. ನಿಮ್ಮ ಮಗುವಿಗೆ ಐಇಪಿ ಇದ್ದರೆ ಶೇಕಡಾವಾರನ್ನು ನೋಡಿ ಸುಮ್ಮನಾಗದೆ, ಆ ಸೇವೆ ಕೊಡುವ ಶಿಕ್ಷಕರು ಶಾಲೆಯಲ್ಲೇ ಇದ್ದಾರೆಯೇ ಅಥವಾ ಹೊರಗಿನಿಂದ ಬರುತ್ತಾರೆಯೇ ಎಂದು ಕೇಳಿ.

ಚಿಕ್ಕ ಗುಂಪುಗಳ ಮುಂದೆ ಸಂಖ್ಯೆಯ ಬದಲು ನಕ್ಷತ್ರ ಚಿಹ್ನೆ ಕಂಡರೆ ಅದು ಸೊನ್ನೆಯಲ್ಲ. ವಿದ್ಯಾರ್ಥಿಗಳ ಗೋಪ್ಯತೆಯ 1974ರ ಕಾಯಿದೆಗೆ ಅನುಗುಣವಾಗಿ, 10 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಪರೀಕ್ಷಾ ಫಲಿತಾಂಶವನ್ನು ಮರೆಮಾಡುತ್ತಾರೆ. ಡ್ಯಾಶ್‌ಬೋರ್ಡ್ ಸಾಧನೆಯ ಮಟ್ಟವನ್ನು ಬಣ್ಣದಲ್ಲಿ ತೋರಿಸುತ್ತದೆ; ಆ ಬಣ್ಣ ಸಿಗಲು ಶಾಲೆಯ ಒಂದು ಗುಂಪಿನಲ್ಲಿ ಕನಿಷ್ಠ 30 ಮಕ್ಕಳಿರಬೇಕು.

ಹಂತ 8: ಸರಿಯಾದುದರೊಡನೆ ಹೋಲಿಸಿ

ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಚಾರ್ಟರ್ ಅರ್ಜಿಯಲ್ಲೇ ಶಾಲೆಯ ಮಕ್ಕಳ ಜನಾಂಗೀಯ ಸಮತೋಲನ ಸ್ಥಳೀಯ ಶಾಲಾ ಜಿಲ್ಲೆಯನ್ನು ಹೋಲುವಂತೆ ಏನು ಮಾಡುತ್ತೇವೆ ಎಂದು ಬರೆಯಬೇಕು. 2019ರ ತಿದ್ದುಪಡಿಯ ನಂತರ ವಿಶೇಷ ಶಿಕ್ಷಣದ ಮಕ್ಕಳು ಮತ್ತು ಇಂಗ್ಲಿಷ್ ಕಲಿಕಾರ್ಥಿಗಳ ಸಮತೋಲನವೂ ಅದರಲ್ಲಿ ಸೇರಿದೆ. ಒಪ್ಪಂದಪತ್ರದ ಏಳನೇ ಅಂಶದಲ್ಲಿ ಇದು ಇರುತ್ತದೆ. ಶಾಲೆ ಕೊಟ್ಟ ಆ ಮಾತನ್ನು ನಿಮ್ಮ ಹಾಳೆಯ ಅಂಕಿಗಳ ಪಕ್ಕ ಇಟ್ಟು ನೋಡಿ.

ಹೋಲಿಸುವಾಗ ಜಿಲ್ಲೆಯ ಎಲ್ಲ ತರಗತಿಗಳ ಸರಾಸರಿಯನ್ನು ತೆಗೆದುಕೊಳ್ಳಬೇಡಿ. ಇಂಗ್ಲಿಷ್ ಕಲಿಕಾರ್ಥಿಗಳು ಕೆಳತರಗತಿಗಳಲ್ಲಿ ಹೆಚ್ಚಿರುವುದರಿಂದ ಯಾವ ಮಿಡಲ್ ಸ್ಕೂಲನ್ನು ಅದರೊಡನೆ ಇಟ್ಟರೂ ಕಡಿಮೆಯೇ ಕಾಣುತ್ತದೆ. ಜಿಲ್ಲೆಯ 6ರಿಂದ 8ನೇ ತರಗತಿಗಳ ಅಂಕಿಯನ್ನಷ್ಟೇ ಆರಿಸಿ, ಜೊತೆಗೆ ಎರಡು ಮೈಲಿ ಸುತ್ತಿನ ಮಾಮೂಲಿ ಮಿಡಲ್ ಸ್ಕೂಲುಗಳನ್ನು ಸೇರಿಸಿಕೊಳ್ಳಿ. ಕೌಂಟಿ ಶಿಕ್ಷಣ ಕಚೇರಿ ಮಂಜೂರು ಮಾಡಿದ ಚಾರ್ಟರ್ ಶಾಲೆಗಳು ಪಟ್ಟಿಯಲ್ಲಿ ಕೌಂಟಿಯ ಹೆಸರಿನಡಿ ಬರುತ್ತವೆ, ಆಗ ತಾಣ ತಾನಾಗಿ ತೋರಿಸುವ ಹೋಲಿಕೆ ನಿಮ್ಮ ಊರಿನದ್ದಾಗಿರುವುದಿಲ್ಲ. ಹಾಗೆಯೇ ಶಿಕ್ಷಕ-ವಿದ್ಯಾರ್ಥಿ ಅನುಪಾತವನ್ನು ತರಗತಿಯ ಗಾತ್ರವೆಂದು ಓದಬೇಡಿ. ಪಾಠ ಮಾಡುವ ಕೊಠಡಿಯಿಲ್ಲದ ಶಿಕ್ಷಕರೂ ಆ ಲೆಕ್ಕದಲ್ಲಿ ಸೇರಿರುವುದರಿಂದ ಅನುಪಾತ ಚಿಕ್ಕದಾಗಿ ಕಾಣುತ್ತದೆ.

ಹಂತ 9: ಲಾಟರಿಯ ನಿಯಮ ಓದಿ, ಶಾಲೆಯನ್ನು ಕೇಳಿ

ಒಪ್ಪಂದಪತ್ರದ ಎಂಟನೇ ಅಂಶದಲ್ಲಿ ಪ್ರವೇಶದ ನಿಯಮಗಳಿವೆ. ಈಗಾಗಲೇ ಓದುತ್ತಿರುವವರಿಗೆ ಲಾಟರಿ ಇಲ್ಲ. ಜಿಲ್ಲೆಯ ನಿವಾಸಿಗಳಿಗೆ ಆದ್ಯತೆ. ಅನೇಕ ಕಡೆ ಒಡಹುಟ್ಟಿದವರಿಗೆ ಮತ್ತು ಸಿಬ್ಬಂದಿಯ ಮಕ್ಕಳಿಗೂ ಆದ್ಯತೆ. ಆದ್ಯತೆಗಳು ಹೆಚ್ಚಿದಷ್ಟೂ ನಿಜವಾಗಿ ಲಾಟರಿಗೆ ಉಳಿಯುವ ಸೀಟು ಕಡಿಮೆಯಾಗುತ್ತದೆ. ಹಾಗಾಗಿ ‘120 ಸೀಟು’ ಎಂಬ ಪ್ರಕಟಣೆಯನ್ನು ನೋಡಿದಾಗ ಆದ್ಯತೆ ಕಳೆದು ಉಳಿಯುವುದೆಷ್ಟು ಎಂದು ಕೇಳಿ. ಕಾಯುವ ಪಟ್ಟಿಯ ಉದ್ದವನ್ನು ಬೇಡಿಕೆಯ ಅಳತೆಯಾಗಿ ತೆಗೆದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಒಂದೇ ಮಗುವಿನ ಹೆಸರು ನಾಲ್ಕು ಶಾಲೆಗಳ ಪಟ್ಟಿಯಲ್ಲಿ ಇರಬಹುದು. ಸೇರಿಸಿಕೊಳ್ಳುವ ಮೊದಲೇ ಮಗುವಿನ ಅಂಕಪಟ್ಟಿ ಅಥವಾ ಐಇಪಿ ದಾಖಲೆಯನ್ನು ಕೇಳುವಂತಿಲ್ಲ, ಪೋಷಕರ ಸ್ವಯಂಸೇವೆಯನ್ನು ಪ್ರವೇಶಕ್ಕೆ ಷರತ್ತಾಗಿಸುವಂತಿಲ್ಲ. ಈ ರಾಜ್ಯದಲ್ಲಿ ಇವೆರಡೂ ಕಾನೂನಿನಲ್ಲೇ ಇವೆ.

ಶಾಲೆಗೆ ಭೇಟಿ ಕೊಡುವ ದಿನ ಹಾಳೆಯನ್ನು ಕೊಂಡೊಯ್ಯಿರಿ. ಕಳೆದ ವರ್ಷ ಏಳನೇ ತರಗತಿಯಿಂದ ಎಷ್ಟು ಮಕ್ಕಳು ಹೊರಟರು, ಅವರ ಜಾಗಕ್ಕೆ ಎಷ್ಟು ಮಂದಿ ಬಂದರು, ಕಾಯುವ ಪಟ್ಟಿಯಲ್ಲಿ ಎಷ್ಟನೆಯವರವರೆಗೆ ಕರೆ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಕಚೇರಿಯವರು ಸಂಖ್ಯೆಯಲ್ಲೇ ಉತ್ತರ ಕೊಡಬಲ್ಲರು. ಬಾಯಿಮಾತಿನಲ್ಲಿ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ. 2019ರ ಕಾನೂನಿನ ಪ್ರಕಾರ ಚಾರ್ಟರ್ ಶಾಲೆಗಳೂ ಸಾರ್ವಜನಿಕ ದಾಖಲೆಗಳ ಕಾಯಿದೆಗೆ ಒಳಪಟ್ಟಿವೆ, ಅವುಗಳ ಆಡಳಿತ ಮಂಡಳಿಯ ಸಭೆಗಳಿಗೆ ನೀವು ಹೋಗಿ ಕೂರಬಹುದು. ಲಾಟರಿಯಲ್ಲಿ ಹೆಸರು ಬಾರದಿದ್ದರೆ ಶಾಲೆ ತೆರೆಯುವ ಆಗಸ್ಟ್‌ನ ಮೊದಲ ಎರಡು ವಾರಗಳಲ್ಲಿ ಫೋನನ್ನು ಕೈಯಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಒಪ್ಪಿಕೊಂಡರೂ ಬಾರದ ಮಕ್ಕಳ ಸೀಟುಗಳು ತೆರವಾಗುವುದು ಆಗಲೇ, ಮತ್ತು ಕರೆಗೆ ಉತ್ತರಿಸಲು ಹಲವು ಶಾಲೆಗಳು ಒಂದೆರಡು ದಿನವನ್ನಷ್ಟೇ ಕೊಡುತ್ತವೆ.